ಹೊರೆ ಯಾರ ತಲೆಯ ಮೇಲೆ?

ನಮ್ಮ ತಾಲೂಕಿನ ವೀರಗಲ್ಲುಗಳನ್ನು ಕುರಿತು ನಾನೊಂದು ಚಿಕ್ಕ ಪುಸ್ತಕವನ್ನು ಬರೆದು, 2022ರಲ್ಲಿ ಸ್ವಂತ ಖರ್ಚಿನಿಂದ ಅಚ್ಚು ಹಾಕಿಸಿದ ಸಂಗತಿ ನನ್ನ ಹಳೆಯ ವಿದ್ಯಾರ್ಥಿಗಳಿಗೂ ಬಂಧುಗಳಿಗೂ ಗೊತ್ತೇ ಇದೆ. ಗೊತ್ತಿಲ್ಲದಿರಲು ನಾನು ಯಾರಿಗೂ ಅವಕಾಶವನ್ನೇ ಕೊಟ್ಟಿರಲಿಲ್ಲ! 96 ಪುಟ, 120 ರೂಪಾಯಿ ಬೆಲೆ, 500 ಪ್ರತಿ. ಬಿಡುಗಡೆಯ ದಿನ 70 ಪ್ರತಿಗಳು ಕೈಬಿಟ್ಟವು. ಅವುಗಳಲ್ಲಿ ಹೆಚ್ಚಿನವು ಗೌರವ ಪ್ರತಿಗಳು. ಉಳಿದ ಗಂಟುಗಳು ಅಟ್ಟವನ್ನೇರಿದವು. ಕೆಲವು ತಿಂಗಳ ತರುವಾಯ ನಮ್ಮ ಮನೆಯವರು ಅಟ್ಟದ ಧೂಳು ಝಾಡಿಸುತ್ತ, "ನಿಮ್ಮ ಪುಸ್ತಕ ಮಂದಿ ಓದಲಿಲ್ಲಂದ್ರೂ ಇಲಿ ಓದಲಿಕ್ಕೆ ಸುರು ಮಾಡ್ಯಾವ ನೋಡ್ರಿ" ಎಂದರು. ಆ ಮಾತು ನನಗೆ ಚುಚ್ಚಿತು. ನನ್ನ ಪ್ರಚಾರಕಾರ್ಯ ಆರಂಭವಾದದ್ದು ಅಂದಿನಿಂದ.

ಮಗನು ಕೊಡಿಸಿದ ಮೊಬೈಲಿನಲ್ಲಿ ಹಳೆಯ ವಿದ್ಯಾರ್ಥಿಗಳ ಮೂರು ವಾಟ್ಸ್‌ಆ್ಯಪ್ ಗುಂಪುಗಳಿದ್ದವು. ಬಂಧುಗಳದೊಂದು, ನಿವೃತ್ತ ನೌಕರರದೊಂದು, ನಮ್ಮ ಓಣಿಯವರದೊಂದು. ದಿನವೂ ಬೆಳಗಿನ ಆರು ಗಂಟೆಗೆ ಸ್ನಾನ ಮುಗಿಸಿ, ಆರೂ ಗುಂಪುಗಳಿಗೆ ಪುಸ್ತಕದ ಮುಖಪುಟ, ಬೆಲೆ, ನನ್ನ ಬ್ಯಾಂಕ್ ಖಾತೆಯ ಸಂಖ್ಯೆ ಇಷ್ಟನ್ನೂ ಕಳಿಸುವುದು ನನ್ನ ನಿತ್ಯಕರ್ಮವಾಯಿತು. ಫೇಸ್‌ಬುಕ್ಕಿನಲ್ಲಿ ಯಾರಾದರೂ ಮದುವೆಯ ವಾರ್ಷಿಕೋತ್ಸವದ ಚಿತ್ರವನ್ನು ಹಾಕಿದರೆ, ಅದರ ಕೆಳಗೆ "ಶುಭಾಶಯಗಳು, ನನ್ನ ಪುಸ್ತಕದ ಪ್ರತಿಗಳು ಲಭ್ಯ" ಎಂದು ಬರೆಯುತ್ತಿದ್ದೆ. ಈಗ ನೆನೆಸಿಕೊಂಡರೆ ಮುಖ ಕೆಂಪಾಗುತ್ತದೆ. ಆಗ ಮಾತ್ರ ಇದು ಸಾಹಿತ್ಯಸೇವೆ ಎಂದೇ ಭಾವಿಸಿದ್ದೆ. ಮೂರು ತಿಂಗಳ ಈ ಸೇವೆಯಿಂದ ಮಾರಾಟವಾದದ್ದು 11 ಪ್ರತಿಗಳು.

ಒಂದು ದಿನ ನಸುಕಿನಲ್ಲಿ ನಮ್ಮ ಬಂಧುಬಳಗದ ಹಿರಿಯ ಅತ್ತೆಯೊಬ್ಬರು ತೀರಿಕೊಂಡರು. ಆ ಸುದ್ದಿಯನ್ನು ಯಾರೋ ಗುಂಪಿನಲ್ಲಿ ಹಾಕಿದ್ದರು. ನಾನು ಅದನ್ನು ನೋಡಲೇ ಇಲ್ಲ. ಆರು ಗಂಟೆಗೆ ಸರಿಯಾಗಿ ನನ್ನ ಜಾಹೀರಾತು ಹೋಗಿ ಅದರ ಕೆಳಗೆ ಕುಳಿತಿತು: "ಸಾವನ್ನು ಗೆದ್ದ ವೀರರ ಕಥೆ. ಇಂದೇ ಕೊಳ್ಳಿರಿ." ಹತ್ತು ನಿಮಿಷದಲ್ಲಿ ತಂಗಿಯ ಮಗನ ದೂರವಾಣಿ ಕರೆ ಬಂದಿತು. ಅವನು ನನ್ನ ತರಗತಿಯಲ್ಲಿಯೇ ಕಲಿತವನು. "ಮಾಮಾ, ಸಿಟ್ಟಾಗಬ್ಯಾಡ್ರಿ. ಅದರ ಮ್ಯಾಲಿನ ಸುದ್ದಿ ಓದಿದ್ರೇನು?" ಎಂದು ಕೇಳಿದ. ಸ್ವಲ್ಪ ಹೊತ್ತು ಸುಮ್ಮನಿದ್ದು, ಇನ್ನೊಂದು ಮಾತನ್ನೂ ಹೇಳಿದ. "ನಮ್ಮ ಕ್ಲಾಸಿನ ಹುಡುಗರೆಲ್ಲಾ ಆ ಗುಂಪಿನ ಸದ್ದು ಬಂದ್ ಮಾಡಿ ಇಟ್ಟಾರ್ರಿ. ಬಿಟ್ಟು ಹೋದ್ರ ಸರ್‌ಗೆ ಬ್ಯಾಸರ ಆಗತೈತಿ ಅಂತ ಹಂಗ ಉಳದಾರ, ಅಷ್ಟ."

ಮೂವತ್ತಕ್ಕೂ ಹೆಚ್ಚು ವರ್ಷ ಪಾಠ ಹೇಳಿದವನಿಗೆ ಇದಕ್ಕಿಂತ ಕಹಿಯಾದ ಮಾತು ಬೇರೊಂದಿಲ್ಲ. ಆದರೆ ಅಂದು ನನಗೊಂದು ಸತ್ಯ ಹೊಳೆಯಿತು. ಶಿಕ್ಷಕನಾದವನು ಕೇಳುಗರನ್ನು ಸಂಪಾದಿಸಬೇಕಾದ ಪ್ರಮೇಯವೇ ಬರುವುದಿಲ್ಲ. ಗಂಟೆ ಬಾರಿಸುತ್ತದೆ, ಐವತ್ತು ಮಕ್ಕಳು ಕುಳಿತಿರುತ್ತಾರೆ, ನಲವತ್ತು ನಿಮಿಷ ಅವರು ಎದ್ದುಹೋಗುವಂತಿಲ್ಲ. ನಿವೃತ್ತನಾದ ಮೇಲೂ ನಾನು ಜಗತ್ತನ್ನೆಲ್ಲ ಒಂದು ತರಗತಿಯೆಂದೇ ತಿಳಿದಿದ್ದೆ.

ಇಂಥ ಉಪದ್ರವಕ್ಕೆ ಇಂದಿನವರು 'ಸ್ಪ್ಯಾಮ್' ಎನ್ನುತ್ತಾರೆ. ಇತಿಹಾಸದ ಮೇಷ್ಟರಾದ ನನಗೆ ಈ ಶಬ್ದದ ಜಾತಕವನ್ನು ನೋಡುವ ಮನಸ್ಸಾಯಿತು. ಮೂಲತಃ ಅದು ಅಮೆರಿಕದ ಹಾರ್ಮೆಲ್ ಕಂಪನಿಯು 1937ರಲ್ಲಿ ಮಾರುಕಟ್ಟೆಗೆ ತಂದ ಡಬ್ಬಿಮಾಂಸದ ಹೆಸರು. 1970ರಲ್ಲಿ ಬ್ರಿಟನ್ನಿನ ದೂರದರ್ಶನದಲ್ಲಿ 'ಮಾಂಟಿ ಪೈಥಾನ್' ತಂಡದವರು ಒಂದು ಹಾಸ್ಯಪ್ರಸಂಗವನ್ನು ತೋರಿಸಿದರು. ಅದರಲ್ಲಿ ಒಂದು ಉಪಾಹಾರಗೃಹದ ತಿಂಡಿಗಳಲ್ಲಿ ಹೆಚ್ಚುಕಡಿಮೆ ಎಲ್ಲದರಲ್ಲೂ ಇದೇ ಪದಾರ್ಥ. ಪಕ್ಕದಲ್ಲಿ ಕುಳಿತವರು ಅದರ ಹೆಸರನ್ನೇ ಮತ್ತೆ ಮತ್ತೆ ಹಾಡಿ ಉಳಿದವರ ಮಾತು ಕೇಳಿಸದಂತೆ ಮಾಡುತ್ತಾರೆ. ಗಣಕಯಂತ್ರದ ಜನ ಈ ಶಬ್ದವನ್ನು ಎತ್ತಿಕೊಂಡದ್ದು ಆ ಹಾಸ್ಯಪ್ರಸಂಗದಿಂದ. ಒಬ್ಬರ ಗದ್ದಲದಲ್ಲಿ ಉಳಿದ ಮಾತೆಲ್ಲ ಮುಳುಗಿಹೋಗುವುದು, ಇದೇ ಅದರ ತಿರುಳು. ನಮ್ಮ ಅತ್ತೆಯವರ ಸಾವಿನ ಸುದ್ದಿಯ ಕೆಳಗೆ ನಾನು ಮಾಡಿದ್ದೂ ಇದನ್ನೇ.

ಹೆಸರು ಬರುವುದಕ್ಕಿಂತ ಮೊದಲೇ ಕೃತ್ಯ ನಡೆದಿತ್ತು. 1978ರ ಮೇ 3ರಂದು ಅಮೆರಿಕದಲ್ಲಿ ಡಿಜಿಟಲ್ ಇಕ್ವಿಪ್‌ಮೆಂಟ್ ಎಂಬ ಕಂಪನಿಯ ಗ್ಯಾರಿ ಥರ್ಕ್ ಎಂಬುವರು, ಅಂತರಜಾಲದ ಪೂರ್ವಜವಾದ ಆರ್ಪಾನೆಟ್ಟಿನಲ್ಲಿದ್ದ ಸುಮಾರು 400 ಜನರಿಗೆ, ತಮ್ಮ ಹೊಸ ಗಣಕಯಂತ್ರಗಳ ಪ್ರದರ್ಶನಕ್ಕೆ ಬರಬೇಕೆಂದು ಒಂದೇ ಪತ್ರವನ್ನು ಕಳಿಸಿದರು. ಅದರಿಂದ ಕಂಪನಿಗೆ ಒಳ್ಳೆಯ ವ್ಯಾಪಾರವಾಯಿತೆಂದು ಅವರು ಮುಂದೆ ಹೇಳಿಕೊಂಡರು. ಆದರೆ ಪತ್ರವನ್ನು ಪಡೆದವರು ಸಿಡಿಮಿಡಿಗೊಂಡರು. 1994ರ ಏಪ್ರಿಲಿನಲ್ಲಿ ಅಲ್ಲಿನ ಇಬ್ಬರು ವಕೀಲರು, ಅಮೆರಿಕದ ವಾಸದ ಪರವಾನಗಿ ಕೊಡಿಸಲು ನೆರವಾಗುವುದಾಗಿ ಸಾವಿರಾರು ಚರ್ಚಾವೇದಿಕೆಗಳಿಗೆ ಒಂದೇ ಜಾಹೀರಾತನ್ನು ಸುರಿದರು. ಹೂವಿನ ತೋಟದ ಮಾತಾಡುವವರಿಗೂ, ಗಣಿತದ ಚರ್ಚೆ ಮಾಡುವವರಿಗೂ ಅದೇ ಜಾಹೀರಾತು! ನಮ್ಮ ದೇಶದಲ್ಲಿಯೂ ಮಾರಾಟದ ಕರೆಗಳ ಕಾಟ ಹೆಚ್ಚಾಗಿ, 'ನನಗೆ ಕರೆ ಮಾಡಬೇಡಿ' ಎಂದು ಹೆಸರು ಬರೆಸುವ ರಾಷ್ಟ್ರೀಯ ಪಟ್ಟಿಯೊಂದು 2007ರಲ್ಲಿ ಜಾರಿಗೆ ಬಂದಿತು. ಬೇಡವೆನ್ನಲಿಕ್ಕೂ ಜನ ಅರ್ಜಿ ಹಾಕಬೇಕಾದ ಕಾಲ ಬಂದಿತು ನೋಡಿ.

ಈ ಮೂರೂ ಪ್ರಸಂಗಗಳಲ್ಲಿ ಸಮಾನವಾದ ಒಂದಂಶವಿದೆ. ಕಳಿಸುವವನಿಗೆ ಶ್ರಮವಿಲ್ಲ, ಖರ್ಚು ಅತ್ಯಲ್ಪ. ಓದುವ, ಅಳಿಸುವ, ಬೇಸರಪಡುವ ಶ್ರಮವೆಲ್ಲ ಪಡೆಯುವವನದು. ಹೊರೆಯನ್ನು ಮತ್ತೊಬ್ಬನ ತಲೆಯ ಮೇಲಿಟ್ಟು ನಾವು ಕೈಬೀಸಿಕೊಂಡು ನಡೆಯುತ್ತೇವೆ. 'ಹೊರೆ' ಎಂಬ ಶಬ್ದ ಮನಸ್ಸಿಗೆ ಬಂದೊಡನೆ ನನಗೆ ಗಳಗನಾಥರು ನೆನಪಾದರು.

ನಮ್ಮ ಹಾವೇರಿ ಸೀಮೆಯವರಿಗೆ ಈ ಹೆಸರನ್ನು ಪರಿಚಯಿಸಬೇಕಾಗಿಲ್ಲ. ದೂರದ ಊರುಗಳಲ್ಲಿ ಬೆಳೆದ ನಿಮ್ಮ ಮಕ್ಕಳಿಗಾಗಿ ಹೇಳುತ್ತೇನೆ. ವರದೆಯು ತುಂಗಭದ್ರೆಯನ್ನು ಕೂಡುವಲ್ಲಿ ಗಳಗನಾಥ ಎಂಬ ಗ್ರಾಮವಿದೆ. ಅಲ್ಲಿನ ಗಳಗೇಶ್ವರ ದೇವಾಲಯ ಚಾಲುಕ್ಯರ ಕಾಲದ್ದು. 1869ರಲ್ಲಿ ಆ ಊರಿನಲ್ಲಿ ಹುಟ್ಟಿದವರು ವೆಂಕಟೇಶ ತಿರಕೋ ಕುಲಕರ್ಣಿ. ಊರಿನ ಹೆಸರನ್ನೇ ಕಾವ್ಯನಾಮವಾಗಿ ಇಟ್ಟುಕೊಂಡು ಗಳಗನಾಥರಾದರು. ವೃತ್ತಿಯಿಂದ ನಮ್ಮಂತೆಯೇ ಶಾಲಾ ಮಾಸ್ತರರು. ಅವರ ಬರವಣಿಗೆಯ ಕಾಲದಲ್ಲಿ ಮುಂಬಯಿ ಪ್ರಾಂತದ ಕನ್ನಡ ಜಿಲ್ಲೆಗಳಲ್ಲಿ ಕಲಿತವರ ಓದು ಬಹಳಮಟ್ಟಿಗೆ ಮರಾಠಿಯದು. ಕನ್ನಡಕ್ಕೆ ಆಸರೆಯಾಗಲೆಂದು ಧಾರವಾಡದಲ್ಲಿ ರಾ. ಹ. ದೇಶಪಾಂಡೆಯವರು 1890ರಲ್ಲಿ ಕರ್ನಾಟಕ ವಿದ್ಯಾವರ್ಧಕ ಸಂಘವನ್ನು ಸ್ಥಾಪಿಸಿದ್ದರು. ಆದರೂ ಹಳ್ಳಿಯಲ್ಲಿ ಕನ್ನಡ ಪುಸ್ತಕದ ಅಂಗಡಿ ಎಲ್ಲಿಯದು? 1911ರ ಜನಗಣತಿಯ ಪ್ರಕಾರ ಇಡೀ ಭಾರತದಲ್ಲಿ ಅಕ್ಷರ ಬಲ್ಲವರು ನೂರಕ್ಕೆ ಸುಮಾರು ಆರು ಮಂದಿ. ಅಂಥ ಕಾಲದಲ್ಲಿ ಒಬ್ಬ ಮಾಸ್ತರರು ಕನ್ನಡದಲ್ಲಿ ಕಾದಂಬರಿಗಳನ್ನು ಬರೆಯಲು ಕುಳಿತರು.

ಬರೆದು ಅವರು ಸುಮ್ಮನೆ ಕೂಡಲಿಲ್ಲ. ಪುಸ್ತಕಗಳ ಗಂಟನ್ನು ತಲೆಯ ಮೇಲೆ ಹೊತ್ತುಕೊಂಡು, ಊರಿಂದೂರಿಗೆ ಅಲೆದು, ಮನೆಬಾಗಿಲಿಗೆ ಹೋಗಿ ಮಾರಿದರು. ಕನ್ನಡ ಸಾಹಿತ್ಯ ಚರಿತ್ರೆಯಲ್ಲಿ ಅವರ ಹೆಸರು ಬಂದಲ್ಲೆಲ್ಲ ಈ ಚಿತ್ರವೂ ಬರುತ್ತದೆ. ನಾನು ಏಳನೆಯ ತರಗತಿಯಲ್ಲಿದ್ದಾಗ ನಮ್ಮ ಗುರುಗಳು ಇದನ್ನು ಹೇಳಿದ್ದರು. ನಾನೂ ಪ್ರತಿವರ್ಷ ನನ್ನ ವಿದ್ಯಾರ್ಥಿಗಳಿಗೆ ಹೇಳುತ್ತ ಬಂದೆ. ಆದರೆ ಅದರ ಒಳಗಿನ ಪಾಠ ನನಗೆ ತಟ್ಟಿರಲಿಲ್ಲ. ಅವರೂ ತಮ್ಮ ಪುಸ್ತಕವನ್ನು ತಾವೇ ಹೊಗಳಿ ಮಾರಿದವರಲ್ಲವೇ? ಹಾಗಾದರೆ ಅವರಿಗೂ ನನಗೂ ಏನು ವ್ಯತ್ಯಾಸ?

ಮೊದಲನೆಯದಾಗಿ, ಭಾರ ಅವರ ತಲೆಯ ಮೇಲಿತ್ತು. ಹೊತ್ತು ನಡೆಯುವವನು ಒಲ್ಲದವರ ಮನೆಗೆ ಎರಡನೆಯ ಸಲ ಹೋಗಲಾರ, ಕಾಲು ಬಿಡುವುದಿಲ್ಲ. ಸಾವಾದ ಮನೆಯ ಮುಂದೆ ಗಂಟು ಬಿಚ್ಚಲಾರ; ಕಣ್ಣು ಬಿಡುವುದಿಲ್ಲ. ಎದುರಿನವರ ಮುಖವನ್ನು ನೋಡಿಯೇ ಮಾತನಾಡಬೇಕು. ಬೇಡವೆಂದರೆ ಗಂಟು ಕಟ್ಟಿಕೊಂಡು ಮುಂದಿನ ಮನೆಗೆ ನಡೆಯಬೇಕು. ಶ್ರಮವೇ ಅವರಿಗೆ ವಿವೇಕವನ್ನು ಕಲಿಸುತ್ತಿತ್ತು ಎಂದು ನಾನು ಊಹಿಸುತ್ತೇನೆ. ನನ್ನ ಹೆಬ್ಬೆರಳಿಗೆ ಅಂಥ ಗುರು ಇರಲಿಲ್ಲ.

ಎರಡನೆಯದಾಗಿ, ಅವರು ಕೇಳುವುದಕ್ಕಿಂತ ಮೊದಲು ಕೊಟ್ಟಿದ್ದರು. ಹಾವೇರಿಯ ಸಮೀಪದ ಅಗಡಿಯ ಆನಂದವನದಿಂದ 1907ರಲ್ಲಿ 'ಸದ್ಬೋಧ ಚಂದ್ರಿಕೆ' ಎಂಬ ಮಾಸಪತ್ರಿಕೆ ಹೊರಟಿತು. ಗಳಗನಾಥರು ಅದರ ಸಂಪಾದಕತ್ವದಲ್ಲಿ ದುಡಿದರು. ಅವರ ಕಾದಂಬರಿಗಳು ಅದರಲ್ಲಿ ಧಾರಾವಾಹಿಯಾಗಿ ಬಂದವು. ಮರಾಠಿಯ ಹರಿ ನಾರಾಯಣ ಆಪ್ಟೆಯವರನ್ನು ಅನುಸರಿಸಿ ಬರೆದವೂ ಅವುಗಳಲ್ಲಿದ್ದವು. ಮುಂದಿನ ಕಂತಿಗಾಗಿ ಮನೆಯವರೆಲ್ಲ ಕಾಯುವಂತೆ ಮಾಡಿದ ಕಥೆಗಾರನೇ ಗಂಟು ಹೊತ್ತು ಬಾಗಿಲಿಗೆ ಬಂದರೆ ಅವನು ಅಪರಿಚಿತನೆನಿಸುತ್ತಾನೆಯೇ? ವಿಜಯನಗರದ ಸ್ಥಾಪನೆಯನ್ನೂ ವಿದ್ಯಾರಣ್ಯರನ್ನೂ ಕುರಿತ 'ಮಾಧವ ಕರುಣಾವಿಲಾಸ' 1923ರಲ್ಲಿ ಹೊರಬಂದಾಗ, ಗಳಗನಾಥರ ಹೆಸರು ಉತ್ತರ ಕರ್ನಾಟಕದ ಮನೆಮಾತಾಗಿತ್ತು. 1942ರಲ್ಲಿ ಅವರು ತೀರಿಕೊಂಡರು. ಕನ್ನಡಿಗರಿಗೆ ಕಾದಂಬರಿಯ ರುಚಿಯನ್ನು ಹತ್ತಿಸಿದವರ ಸಾಲಿನಲ್ಲಿ ಅವರ ಹೆಸರು ಉಳಿದಿದೆ.

ಇಲ್ಲಿ ನನಗೆ ನಮ್ಮೂರಿನ ಬಳೆಗಾರನ ನೆನಪೂ ಬರುತ್ತದೆ. ಅವನೂ ಮಾರುವವನೇ. ಆದರೆ ಅವನು ಬಂದನೆಂದರೆ ಹೆಣ್ಣುಮಕ್ಕಳು ಚಾಪೆ ಹಾಸಿ ಕೂಡಿಸುತ್ತಿದ್ದರು. ಅವನಿಗೆ ಯಾರ ಕೈ ಅಳತೆ ಎಷ್ಟೆಂಬುದು ಗೊತ್ತು. ಯಾವ ಮನೆಯಲ್ಲಿ ಸೀಮಂತ, ಯಾವ ಮನೆಯಲ್ಲಿ ಸೂತಕ ಎಂಬುದೂ ಗೊತ್ತು. ತವರೂರಿನ ಸುದ್ದಿಯನ್ನು ಮೊದಲು ಹೇಳಿ, ಆಮೇಲೆ ಮಲಾರವನ್ನು ಬಿಚ್ಚುತ್ತಿದ್ದ. ಅವನಿಗೆ ಯಾವ ಮಾರಾಟಶಾಸ್ತ್ರವನ್ನೂ ಯಾರೂ ಕಲಿಸಿರಲಿಲ್ಲ.

ಗಳಗನಾಥರ ತರುವಾಯದ ತಲೆಮಾರು ಇನ್ನೊಂದು ಹೆಜ್ಜೆ ಮುಂದೆ ಹೋಯಿತು. 1933ರ ಆಗಸ್ಟಿನಲ್ಲಿ ಧಾರವಾಡದಲ್ಲಿ ಜಿ. ಬಿ. ಜೋಶಿಯವರು 'ಮನೋಹರ ಗ್ರಂಥಮಾಲೆ'ಯನ್ನು ಆರಂಭಿಸಿದರು. 'ಜಡಭರತ' ಎಂಬ ಹೆಸರಿನಿಂದ ನಾಟಕಗಳನ್ನು ಬರೆದವರು ಇವರೇ. ಮಾಲೆಯ ಮೊದಲ ಪುಸ್ತಕ ಆನಂದಕಂದರ, ಅಂದರೆ ಬೆಟಗೇರಿ ಕೃಷ್ಣಶರ್ಮರ, 'ಸುದರ್ಶನ' ಎಂಬ ಕಾದಂಬರಿ. ಇಲ್ಲಿನ ಕ್ರಮ ಸರಳವಾದದ್ದು. ಓದುಗರು ಮೊದಲೇ ಚಂದಾ ಕೊಟ್ಟು ಸದಸ್ಯರಾಗಬೇಕು; ಆ ಮೇಲೆ ಪುಸ್ತಕಗಳು ಅವರ ಮನೆಗೆ ಬರುತ್ತವೆ. ಚಂದಾದಾರರನ್ನು ಕೂಡಿಸಲು ಜೋಶಿಯವರು ಊರೂರು ತಿರುಗಿದರು. ಆದರೆ ಒಮ್ಮೆ ಸದಸ್ಯನಾದವನ ಮನೆಗೆ ಹೋಗುವ ಪುಸ್ತಕ ಅವನೇ ಬರಹೇಳಿದ ಅತಿಥಿ. ಆತನ ಒಪ್ಪಿಗೆ ಮುಂಚಿತವಾಗಿ ಸಿಕ್ಕಿದೆ. ಸಾಕೆನಿಸಿದರೆ ಮುಂದಿನ ವರ್ಷ ಚಂದಾ ಕಟ್ಟದಿದ್ದರಾಯಿತು. ಧಾರವಾಡದ 'ಅಟ್ಟ'ವೆಂದೇ ಹೆಸರಾದ ಅದರ ಕಚೇರಿಯಿಂದ ಬೇಂದ್ರೆಯವರ, ಶ್ರೀರಂಗರ, ಮುಂದೆ ಗಿರೀಶ ಕಾರ್ನಾಡರ ಕೃತಿಗಳು ಹೊರಬಂದವು. ಈ ಮಾಲೆ ತೊಂಬತ್ತು ವರ್ಷಗಳನ್ನು ದಾಟಿತು. ಒಂದು ಅಟ್ಟದಿಂದ ನಾಡಿಗೆಲ್ಲ ಪುಸ್ತಕಗಳು ಹೋದವು, ನನ್ನ ಅಟ್ಟದಲ್ಲಿ ಇಲಿಗಳಿಗೆ ಆಹಾರವಾದವು ಎಂದು ನಮ್ಮ ಮನೆಯವರ ಮುಂದೆ ಹೇಳಿ ನಕ್ಕದ್ದುಂಟು.

ಮೂರನೆಯ ಉದಾಹರಣೆ ಜಿ. ಪಿ. ರಾಜರತ್ನಂ ಅವರದು. 'ರತ್ನನ ಪದಗಳು' ಬರೆದ ಈ ಕವಿ ಕನ್ನಡದ ಅಧ್ಯಾಪಕರು; ಮಕ್ಕಳಿಗಾಗಿ ಅವರು ಬರೆದ ಪದ್ಯಗಳನ್ನು ಕೇಳದೆ ಬೆಳೆದ ಕನ್ನಡದ ಕೂಸು ಅಪರೂಪ. ಅವರೂ ಪುಸ್ತಕಗಳನ್ನು ಕೈಯಲ್ಲಿ ಹಿಡಿದು ಮಾರಿದವರೇ. ತಮ್ಮನ್ನು ಸಾಹಿತ್ಯದ 'ಪರಿಚಾರಕ' ಎಂದು ಕರೆದುಕೊಂಡರು. ಪರಿಚಾರಕನೆಂದರೆ ಊಟಕ್ಕೆ ಬಡಿಸುವವನು, ಸೇವೆ ಮಾಡುವವನು. ತಾವು ಬರೆದುದಕ್ಕಷ್ಟೇ ಅವರ ದುಡಿಮೆ ಸೀಮಿತವಾಗಿರಲಿಲ್ಲ. ಕಾಲೇಜುಗಳ ಕರ್ನಾಟಕ ಸಂಘಗಳ ಮೂಲಕ ಎಳೆಯ ಲೇಖಕರ ಬರವಣಿಗೆಯನ್ನು ಅಚ್ಚು ಹಾಕಿಸಿ, ಅದನ್ನು ಓದುಗರ ಕೈಗೆ ತಲುಪಿಸಿದರು. ಪಂಕ್ತಿಯಲ್ಲಿ ಎಲ್ಲರಿಗೂ ಬಡಿಸುವವನ ಎಲೆಯನ್ನು ಯಾರೂ ಖಾಲಿ ಬಿಡುವುದಿಲ್ಲ. ನಾನಾದರೋ ಮೂರು ತಿಂಗಳಲ್ಲಿ ನನ್ನ ಪುಸ್ತಕದ ಹೊರತು ಮತ್ತೊಬ್ಬರ ಪುಸ್ತಕದ ಹೆಸರನ್ನು ಒಂದು ಸಲವೂ ಎತ್ತಿರಲಿಲ್ಲ.

ಹಾಗೆಂದು ತನ್ನ ಕೃತಿಯ ಬಗ್ಗೆ ತಾನು ಮಾತನಾಡಲೇ ಬಾರದು, ಗುಣವಿದ್ದರೆ ತಾನಾಗಿ ಹರಡುತ್ತದೆ ಎನ್ನುವ ಹಿರಿಯರ ಮಾತನ್ನು ನಾನು ಒಪ್ಪುವುದಿಲ್ಲ. ಗಳಗನಾಥರು ಹಾಗೆಂದುಕೊಂಡು ಮನೆಯಲ್ಲಿ ಕುಳಿತಿದ್ದರೆ ನಮ್ಮ ಅಜ್ಜಿಯಂಥವರು ಕಾದಂಬರಿಯ ಮುಖವನ್ನೇ ನೋಡುತ್ತಿರಲಿಲ್ಲ. ಸಂಕೋಚದಿಂದ ಅಟ್ಟದ ಮೇಲಿಟ್ಟ ಪುಸ್ತಕವೂ ವ್ಯರ್ಥ, ನಾಚಿಕೆಯಿಲ್ಲದೆ ತೂರಿದ ಪುಸ್ತಕವೂ ವ್ಯರ್ಥ.

ಅತ್ತೆಯವರ ಮನೆಯ ಕಾರ್ಯಗಳು ಮುಗಿದ ಮೇಲೆ ನಾನು ಒಂದು ಬಟ್ಟೆಯ ಚೀಲದಲ್ಲಿ ಹತ್ತು ಪ್ರತಿಗಳನ್ನಿಟ್ಟುಕೊಂಡು, ಪುಸ್ತಕದಲ್ಲಿ ಬರುವ ಒಂದು ಹಳ್ಳಿಗೆ ಬಸ್ಸಿನಲ್ಲಿ ಹೋದೆ. ಕೆರೆಯ ಏರಿಯ ಮೇಲೆ ಅಲ್ಲೊಂದು ವೀರಗಲ್ಲಿದೆ. ಹನುಮಪ್ಪನ ಗುಡಿಯ ಕಟ್ಟೆಯ ಮೇಲೆ ಕುಳಿತಿದ್ದ ಹಿರಿಯರನ್ನು, ಆ ಕಲ್ಲಿಗೆ ನೀವು ಏನೆಂದು ಕರೆಯುತ್ತೀರಿ ಎಂದು ಕೇಳಿದೆ. ಮಾತು ಬೆಳೆಯಿತು. ಎಲ್ಲರೂ ಎದ್ದು ಕಲ್ಲಿನ ಬಳಿಗೆ ಬಂದರು. ಕೆಳಗಿನ ಪಟ್ಟಿಕೆಯಲ್ಲಿ ದನಗಳನ್ನು ಬಿಡಿಸಲು ನಡೆದ ಕಾಳಗ, ನಡುವಿನಲ್ಲಿ ಸತ್ತ ವೀರನನ್ನು ಒಯ್ಯುವ ಅಪ್ಸರೆಯರು, ಮೇಲೆ ಕೈಲಾಸದಲ್ಲಿ ಲಿಂಗದ ಮುಂದೆ ಕುಳಿತ ಅದೇ ವೀರ, ತುದಿಯಲ್ಲಿ ಸೂರ್ಯಚಂದ್ರರು ಎಂದು ತೋರಿಸುತ್ತ ಹೋದೆ. "ಇದೆಲ್ಲಾ ಬರದಿಟ್ಟೀರೇನ್ರಿ?" ಎಂದು ಒಬ್ಬರು ಕೇಳಿದ ಮೇಲೆಯೇ ಚೀಲದೊಳಗೆ ಕೈಹಾಕಿದೆ. ಅಂದು ಏಳು ಪ್ರತಿಗಳು ಹೋದವು. ಓದು ಬಾರದ ಅಜ್ಜನೊಬ್ಬ, "ಬೆಂಗಳೂರಾಗಿನ ಮೊಮ್ಮಗ ಓದತಾನ" ಎಂದು ಹಣ ಕೊಟ್ಟು ಒಯ್ದ. ಆ ಮೊಮ್ಮಗನು ತನ್ನ ಊರಿನ ಪುಟದ ಚಿತ್ರವನ್ನು ತೆಗೆದು ತನ್ನ ಗೆಳೆಯರಿಗೆ ಕಳಿಸಿದನಂತೆ. ಮುಂದಿನ ವಾರ, ಊರು ಬಿಟ್ಟು ಹೋದ ಒಂಬತ್ತು ಜನ ನನಗೆ ಪತ್ರ ಬರೆದು ಪುಸ್ತಕವನ್ನು ತರಿಸಿಕೊಂಡರು. ಮೂರು ತಿಂಗಳು ನಾನು ಕೂಗಿ ಮಾಡಲಾಗದ್ದನ್ನು ಒಬ್ಬ ಓದುಗ ಒಂದು ಮಾತಿನಲ್ಲಿ ಮಾಡಿದ್ದ.

ಮನೆಗೆ ಬಂದು ಆರೂ ಗುಂಪುಗಳಲ್ಲಿ ಕ್ಷಮೆ ಕೇಳಿದೆ. ವೀರಗಲ್ಲುಗಳ ಬಗ್ಗೆ ತಿಂಗಳಿಗೊಂದು ಟಿಪ್ಪಣಿ ಬೇಕೆನ್ನುವವರು ಮಾತ್ರ ನನಗೆ ತಿಳಿಸಿರಿ, ಉಳಿದವರಿಗೆ ಇನ್ನು ನನ್ನಿಂದ ತೊಂದರೆಯಿಲ್ಲ ಎಂದು ಬರೆದೆ. ಸುಮಾರು 300 ಜನರಲ್ಲಿ 43 ಮಂದಿ ಬೇಕೆಂದರು. ಮೊದಲ ದಿನ ಆ ಸಂಖ್ಯೆ ನೋಡಿ ಮನಸ್ಸು ಕುಗ್ಗಿತು. ಮರುದಿನ, ಇವರು ನನ್ನ ಗ್ರಂಥಮಾಲೆಯ ಚಂದಾದಾರರೆಂದು ಸಮಾಧಾನ ತಂದುಕೊಂಡೆ. ಅಂದಿನಿಂದ ತಿಂಗಳಿಗೊಂದು ಕಲ್ಲು, ಅದರ ಚಿತ್ರ, ಅದರ ಕಥೆ. ಕಳಿಸುವ ಮೊದಲು ಆ ಊರಿಗೆ ಇನ್ನೊಮ್ಮೆ ಹೋಗಿ ಬರುತ್ತೇನೆ. ಬೆರಳಿಗೆ ಭಾರವಿಲ್ಲದಿದ್ದರೆ ಕಾಲಿಗಾದರೂ ಇರಲಿ ಎಂದು. ಬೆಲೆಯನ್ನು ಬರೆಯುವುದಿಲ್ಲ, ಕೇಳಿದವರಿಗೆ ಹೇಳುತ್ತೇನೆ. ಬೇರೆಯವರ ಒಳ್ಳೆಯ ಪುಸ್ತಕವನ್ನು ಓದಿದರೆ ಅದರ ಹೆಸರನ್ನೂ ಸೇರಿಸುತ್ತೇನೆ.

ನಿಮ್ಮಲ್ಲಿ ಅನೇಕರು ಇಂದು ಏನಾದರೊಂದನ್ನು ಮಾಡಿ ಜನರಿಗೆ ತಲುಪಿಸಬೇಕೆಂದು ಹೆಣಗುತ್ತಿದ್ದೀರಿ. ಒಬ್ಬಳು ಹಾಡುತ್ತಾಳೆ, ಒಬ್ಬ ರೊಟ್ಟಿ-ಚಟ್ನಿಪುಡಿಯ ಅಂಗಡಿ ಇಟ್ಟಿದ್ದಾನೆ, ಒಬ್ಬ ಗಣಿತದ ಪಾಠಗಳನ್ನು ಯೂಟ್ಯೂಬಿನಲ್ಲಿ ಹಾಕುತ್ತಾನೆ. ಸಂಕೋಚಪಡಬೇಡಿರಿ, ಹೇಳಿಕೊಳ್ಳಿರಿ. ಆದರೆ ಕಳಿಸುವ ಮುನ್ನ ಒಂದು ಕ್ಷಣ ನಿಂತು, ಈ ಹೊರೆ ಯಾರ ತಲೆಯ ಮೇಲೆ ಬೀಳುತ್ತದೆ ಎಂದು ಕೇಳಿಕೊಳ್ಳಿರಿ. ಅದರ ಮೇಲಿನ ಸಾಲನ್ನು ಓದಲು ಮಾತ್ರ ಮರೆಯಬೇಡಿರಿ.

ನನ್ನ ಮುಂಜಾನೆಯ ಸಂದೇಶಗಳಿಂದ ಬೇಸತ್ತು ಸದ್ದು ನಿಲ್ಲಿಸಿಯೂ, ಗುಂಪನ್ನು ಬಿಡದೆ ಮೇಷ್ಟರ ಮರ್ಯಾದೆಯನ್ನು ಕಾಯ್ದ ನನ್ನ ವಿದ್ಯಾರ್ಥಿಗಳಿಗೆ ಕೃತಜ್ಞತೆಗಳು. ಅತ್ತೆಯವರ ಮಕ್ಕಳು ಮನ್ನಿಸಿದ್ದಾರೆ. ನಾನು ಮಾತ್ರ ಮರೆತಿಲ್ಲ. ಅಟ್ಟದ ಮೇಲೆ ಇನ್ನೂ 260 ಪ್ರತಿಗಳಿವೆ. ಇದನ್ನು ಜಾಹೀರಾತೆಂದು ಯಾರೂ ತಿಳಿಯಬಾರದಾಗಿ ವಿನಂತಿ.

ಎಲ್ಲರಿಗೂ ಶುಭವಾಗಲಿ.